ಗಾಡಿಯ ನಂಬರು, ಗೋಡೆಯ ಕಣ್ಣು

ಹೌಸಿಂಗ್ ಸೊಸೈಟಿಗಳ ವಾರ್ಷಿಕ ಸಭೆಗಳಲ್ಲಿ ಈಚಿನ ವರ್ಷಗಳಲ್ಲಿ ತಪ್ಪದೆ ಬರುವ ಪ್ರಶ್ನೆಯೊಂದಿದೆ. ನೀರಿನ ಟ್ಯಾಂಕಿ, ಲಿಫ್ಟಿನ ರಿಪೇರಿ, ಬಾಕಿದಾರರ ಪಟ್ಟಿ ಇವೆಲ್ಲ ಮುಗಿದು ಚಹಾ ಬರುವ ಹೊತ್ತಿಗೆ ಯಾರಾದರೊಬ್ಬರು ಎದ್ದು ನಿಂತು, "ಗೇಟಿಗೆ ಕ್ಯಾಮೆರಾ ಹಾಕಿಸಿದ್ದೇನೋ ಸರಿ, ಅದರಲ್ಲಿ ಗಾಡಿಯ ನಂಬರೇ ಕಾಣುವುದಿಲ್ಲವಲ್ಲ?" ಎಂದು ಕೇಳುತ್ತಾರೆ. ಸ್ವಂತ ಮನೆ ಮಾಡಿಕೊಂಡವರೂ ಇದೇ ದೂರು ಹೇಳುತ್ತಾರೆ. ರಾತ್ರಿ ಯಾವುದೋ ಗಾಡಿ ಬಂದು ಕಂಪೌಂಡಿಗೆ ಗುದ್ದಿ ಹೋಗಿರುತ್ತದೆ. ಬೆಳಿಗ್ಗೆ ಪರದೆಯ ಮುಂದೆ ಕುಳಿತರೆ ಗಾಡಿ ಕಾಣುತ್ತದೆ, ಮಳೆ ಕಾಣುತ್ತದೆ, ಬೀದಿನಾಯಿಯೂ ಕಾಣುತ್ತದೆ, ನಂಬರು ಇರಬೇಕಾದ ಜಾಗದಲ್ಲಿ ಮಾತ್ರ ಬೆಳ್ಳಗೆ ಹೊಳೆಯುವ ಒಂದು ಚೌಕ.

ಈ ದೂರಿಗೆ ತಾಂತ್ರಿಕವಾದ ಉತ್ತರವಿದೆ; ಅದನ್ನು ಮುಂದೆ ಹೇಳುತ್ತೇವೆ. ಆದರೆ ಗಾಡಿಗೆ ಫಲಕ ಹೇಗೆ ಬಂದಿತು, ಮನೆಗೆ ಕ್ಯಾಮೆರಾ ಹೇಗೆ ಬಂದಿತು, ಇವೆರಡೂ ಒಂದನ್ನೊಂದು ಸಂಧಿಸಿದ್ದು ಯಾವಾಗ ಎಂಬ ಇತಿಹಾಸವನ್ನು ಮೊದಲು ನೋಡಬೇಕು. ನಂಬರನ್ನು ಓದಬಲ್ಲ ಕಣ್ಣನ್ನು ನಮ್ಮ ಗೋಡೆಗೆ ನೆಟ್ಟರೆ ನಾವು ಏನನ್ನು ಕೈಗೆತ್ತಿಕೊಂಡಂತಾಗುತ್ತದೆ ಎಂಬುದು ಆಗ ತಿಳಿಯುತ್ತದೆ.

ಮೋಟಾರುಗಾಡಿಗೆ ಫಲಕ ಕಟ್ಟಬೇಕೆಂಬ ಆಜ್ಞೆ ಮೊದಲು ಹೊರಟಿದ್ದು ಪ್ಯಾರಿಸ್ ನಗರದಲ್ಲಿ, 1893ರ ಆಗಸ್ಟ್ 14ರಂದು. ಆಗ ಆ ಊರಿನಲ್ಲಿದ್ದ ಮೋಟಾರುಗಳು ಬೆರಳೆಣಿಕೆಯಷ್ಟು. ಆದರೂ ಕುದುರೆಗಳನ್ನು ಬೆದರಿಸಿ, ಪಾದಚಾರಿಗಳನ್ನು ಕೆಡವಿ, ಹೊಗೆ ಬಿಟ್ಟು ಮಾಯವಾಗುವ ಈ ಹೊಸ ವಾಹನದ ಒಡೆಯನನ್ನು ಹಿಡಿಯುವುದು ಹೇಗೆಂಬುದು ಪೊಲೀಸರಿಗೆ ತಲೆನೋವಾಗಿತ್ತು. ಟಾಂಗಾದವನಾದರೆ ಓಡಿ ಹಿಡಿಯಬಹುದು, ಇವನನ್ನು ಹಿಡಿಯಲಾಗದು. ಆದ್ದರಿಂದ ಗಾಡಿಯ ಎಡಬದಿಯಲ್ಲಿ ಒಂದು ಲೋಹದ ಫಲಕವಿರಬೇಕು, ಅದರ ಮೇಲೆ ಸ್ಪಷ್ಟವಾದ ಅಕ್ಷರಗಳಲ್ಲಿ ಒಡೆಯನ ಹೆಸರು, ವಿಳಾಸ ಮತ್ತು ಪರವಾನೆಯ ಸಂಖ್ಯೆ ಇರಬೇಕು ಎಂದು ವಿಧಿಸಿದರು. ಹೆಸರು ಮತ್ತು ವಿಳಾಸ ಎರಡೂ ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಇರಬೇಕಿತ್ತು. ಇಂದು ನಾವು ಮನೆಯ ಬಾಗಿಲಿಗೆ ಹಾಕುವ ಬೋರ್ಡನ್ನು ಆ ಕಾಲದ ಪ್ಯಾರಿಸ್ಸಿನ ಶ್ರೀಮಂತನು ತನ್ನ ಮೋಟಾರಿಗೆ ಕಟ್ಟಿಕೊಂಡು ತಿರುಗಬೇಕಾಯಿತು.

ಅಮೆರಿಕದ ನ್ಯೂಯಾರ್ಕ್ ಸಂಸ್ಥಾನ 1901ರಲ್ಲಿ ಇದನ್ನೇ ಇನ್ನೊಂದು ಬಗೆಯಲ್ಲಿ ಮಾಡಿತು. ಅಲ್ಲಿ ಒಡೆಯನ ಹೆಸರಿನ ಮೊದಲಕ್ಷರಗಳನ್ನು ಗಾಡಿಯ ಹಿಂಭಾಗದಲ್ಲಿ ಮೂರು ಅಂಗುಲಕ್ಕೆ ಕಡಮೆಯಿಲ್ಲದ ಎತ್ತರದಲ್ಲಿ ಬರೆಸಬೇಕಿತ್ತು. ಫಲಕವನ್ನು ಸರಕಾರ ಕೊಡುತ್ತಿರಲಿಲ್ಲ; ಚರ್ಮದ ಪಟ್ಟಿಗೋ ಮರದ ಹಲಗೆಗೋ ಅವರವರೇ ಅಕ್ಷರಗಳನ್ನು ಕೂಡಿಸಿಕೊಳ್ಳುತ್ತಿದ್ದರು. ಒಂದೇ ಮೊದಲಕ್ಷರದ ಜನ ಒಂದೇ ಊರಿನಲ್ಲಿ ಎಷ್ಟು ಮಂದಿ ಇರುತ್ತಾರೆಂಬುದು ಶಾಸನ ಮಾಡಿದವರಿಗೆ ಹೊಳೆಯಲಿಲ್ಲವೋ ಏನೋ. ನಮ್ಮವರೇ ಅಲ್ಲಿದ್ದಿದ್ದರೆ ಎಷ್ಟು ಕೆ. ರಾವ್‌ಗಳು, ಎಷ್ಟು ಎಸ್. ಶೆಟ್ಟರು! ಎರಡೇ ವರ್ಷಗಳಲ್ಲಿ ಅಲ್ಲಿ ಅಕ್ಷರ ಹೋಗಿ ಅಂಕಿ ಬಂದಿತು. ಅದೇ 1903ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನ ಕಬ್ಬಿಣದ ತಗಡಿಗೆ ಎನಾಮಲ್ ಹಚ್ಚಿದ ಫಲಕಗಳನ್ನು ತಾನೇ ಮಾಡಿಸಿ ಹಂಚತೊಡಗಿತು.

ಇಂಗ್ಲೆಂಡಿನ ಕಥೆ ನಮಗೆ ಹೆಚ್ಚು ಸಮೀಪದ್ದು, ಏಕೆಂದರೆ ನಮ್ಮ ಪದ್ಧತಿ ಬಂದದ್ದು ಅಲ್ಲಿಂದ. ಅಲ್ಲಿ 1903ರ ಮೋಟಾರು ಕಾಯಿದೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಂಡ ಕಾಯಿದೆ. ವೇಗದ ಮಿತಿಯನ್ನು ಗಂಟೆಗೆ 14 ಮೈಲಿಯಿಂದ 20ಕ್ಕೆ ಏರಿಸಿತು. ಅದಕ್ಕೆ ಪ್ರತಿಯಾಗಿ ಪ್ರತಿಯೊಂದು ಗಾಡಿಯೂ ನೋಂದಣಿಯಾಗಿ ಸಂಖ್ಯೆ ಹೊತ್ತಿರಬೇಕೆಂದಿತು. ವೇಗ ಬೇಕಾದವನು ತನ್ನ ಗುರುತನ್ನು ಕೊಡಬೇಕು ಎಂಬ ಒಪ್ಪಂದ ಅದು. 1904ರ ಜನವರಿ 1ರಿಂದ ಅದು ಜಾರಿಗೆ ಬಂದಿತು. ಲಂಡನ್ನಿಗೆ 'ಎ' ಅಕ್ಷರ, ಲ್ಯಾಂಕಷೈರಿಗೆ 'ಬಿ' ಎಂದು ಜಿಲ್ಲೆಗೊಂದು ಅಕ್ಷರ ಹಂಚಲಾಯಿತು. ಬಾಡಿಗೆ ಬಂಡಿಗಳಿಗೆ ಹಾಕುವ ನಂಬರನ್ನು ತಮ್ಮ ಸ್ವಂತ ವಾಹನಕ್ಕೂ ಹಾಕಿ ತಮ್ಮನ್ನು ಬಾಡಿಗೆ ಗಾಡಿಯವರ ಸಾಲಿಗೆ ಸೇರಿಸಿದರೆಂದು ಮೊದಮೊದಲು ಸಿರಿವಂತರು ಮುನಿಸಿಕೊಂಡರು. ಆ ಮುನಿಸು ಎಷ್ಟು ಬೇಗ ಇಳಿಯಿತೆಂದರೆ 'ಎ 1' ಎಂಬ ಸಂಖ್ಯೆಯನ್ನು ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ಲರ ಅಣ್ಣನೇ ಆದ ಅರ್ಲ್ ರಸೆಲ್ ಪಡೆದುಕೊಂಡ. ಅದಕ್ಕಾಗಿ ಆತ ರಾತ್ರಿಯೆಲ್ಲ ಸಾಲಿನಲ್ಲಿ ನಿಂತಿದ್ದನೆಂದು ಹೇಳುತ್ತಾರೆ. ಫ್ಯಾನ್ಸಿ ನಂಬರಿಗಾಗಿ ಇಂದು ಆರ್.ಟಿ.ಓ. ಹರಾಜಿನಲ್ಲಿ ಲಕ್ಷಗಟ್ಟಲೆ ಸುರಿಯುವವರಿಗೆ ಒಳ್ಳೆಯ ವಂಶಾವಳಿಯೇ ಇದೆಯೆನ್ನಬೇಕು.

ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಪ್ಯಾರಿಸ್ಸಿನ ಫಲಕದಲ್ಲಿದ್ದ ಹೆಸರು ಮತ್ತು ವಿಳಾಸ ಹತ್ತು ವರ್ಷಗಳೊಳಗೆ ಎಲ್ಲೆಡೆ ಸರಕಾರದ ರಿಜಿಸ್ಟರಿನ ಒಳಗೆ ಸೇರಿಕೊಂಡವು. ಬೀದಿಯಲ್ಲಿ ಉಳಿದದ್ದು ಅಂಕಿ ಮಾತ್ರ. ಇದನ್ನು ಯಾರೂ ಒಡೆಯನ ಮಾನ ಕಾಪಾಡಲೆಂದು ಮಾಡಲಿಲ್ಲ. ಓಡುವ ಗಾಡಿಯ ಮೇಲಿನ ಉದ್ದನೆಯ ಹೆಸರನ್ನು ಓದಲಾಗುವುದಿಲ್ಲ, ನಾಲ್ಕು ಅಂಕಿಗಳನ್ನು ಓದಬಹುದು ಎಂಬಷ್ಟೇ ಕಾರಣ. ಆದರೆ ಓದಲು ಅನುಕೂಲವಾಗಲೆಂದು ತಂದ ಈ ಏರ್ಪಾಟು ತಾನಾಗಿಯೇ ಒಂದು ತೆರೆಯಾಯಿತು. ಗಾಡಿಯಿಂದ ತೊಂದರೆಗೊಳಗಾದವನು ನಂಬರು ಬರೆದುಕೊಂಡು ಪೊಲೀಸರಲ್ಲಿಗೆ ಹೋಗಬಹುದು. ಸುಮ್ಮನೆ ಕುತೂಹಲಕ್ಕೆ ನೋಡಿದವನಿಗೆ ಅಂಕಿಯ ಆಚೆಗೆ ಏನೂ ತಿಳಿಯದು. ಓದುವ ಹಕ್ಕು ಎಲ್ಲರದು, ಹೆಸರು ತಿಳಿಯುವ ಹಕ್ಕು ಕಾರಣವಿದ್ದವನದು. ನೂರಕ್ಕೂ ಹೆಚ್ಚು ವರ್ಷ ಈ ಏರ್ಪಾಟು ನಡೆದುಕೊಂಡು ಬಂದಿದ್ದು ಮನುಷ್ಯನ ಕಣ್ಣಿಗೂ ನೆನಪಿಗೂ ಮಿತಿಯಿದೆ ಎಂಬ ಭರವಸೆಯ ಮೇಲೆ.

ತೆರೆ ಹರಿದಾಗ ಏನಾಗುತ್ತದೆಂಬುದಕ್ಕೆ ಅಮೆರಿಕದಲ್ಲಿ ಒಂದು ಘೋರ ನಿದರ್ಶನವಿದೆ. 1989ರ ಜುಲೈ ತಿಂಗಳಲ್ಲಿ ರೆಬೆಕ್ಕಾ ಶೇಫರ್ ಎಂಬ ತರುಣ ನಟಿಯನ್ನು ಲಾಸ್ ಏಂಜಲೀಸಿನ ಆಕೆಯ ಮನೆಯ ಬಾಗಿಲಿನಲ್ಲೇ ಅಭಿಮಾನಿಯೆನ್ನಿಸಿಕೊಂಡ ಒಬ್ಬನು ಗುಂಡಿಕ್ಕಿ ಕೊಂದನು. ಖಾಸಗಿ ಪತ್ತೇದಾರನೊಬ್ಬನ ಮೂಲಕ ಕ್ಯಾಲಿಫೋರ್ನಿಯದ ಮೋಟಾರು ವಾಹನ ಇಲಾಖೆಯ ದಾಖಲೆಯಿಂದ ಆಕೆಯ ವಿಳಾಸ ಅವನ ಕೈಸೇರಿತ್ತು. ಆ ಬಳಿಕ 1994ರಲ್ಲಿ ಅಮೆರಿಕದ ಕಾಂಗ್ರೆಸ್ಸು ವಾಹನ ದಾಖಲೆಗಳ ಗೋಪ್ಯತೆಗೆಂದೇ ಒಂದು ಕಾಯಿದೆ ಮಾಡಿತು. ನಮ್ಮಲ್ಲಿಯೂ ಕೇಂದ್ರದ ಸಾರಿಗೆ ಸಚಿವಾಲಯ ವಾಹನ ನೋಂದಣಿಯ ಮಾಹಿತಿಯನ್ನು ಖಾಸಗಿ ಕಂಪನಿಗಳಿಗೆ ಹಣಕ್ಕೆ ಕೊಡುತ್ತಿತ್ತು. ಅದರಿಂದ 65 ಕೋಟಿ ರೂಪಾಯಿ ಬಂದಿತೆಂದು 2019ರಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಟೀಕೆಗಳು ಬಂದ ಮೇಲೆ 2020ರಲ್ಲಿ ಆ ನೀತಿಯನ್ನು ಕೈಬಿಟ್ಟರು.

ನಮ್ಮ ದೇಶದ ವಿಷಯಕ್ಕೆ ಬರೋಣ. ಮೋಟಾರು ಬಂದ ಮೊದಲ ವರ್ಷಗಳಲ್ಲಿ ಪ್ರಾಂತಕ್ಕೊಂದು ನಿಯಮವಿತ್ತು. 1914ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆಲ್ಲ ಅನ್ವಯಿಸುವ ಕಾಯಿದೆ ಬಂದಿತು, 1939ರಲ್ಲಿ ಅದಕ್ಕಿಂತ ವಿಸ್ತಾರವಾದದ್ದು. ಮೈಸೂರಿಗೆ 'ಎಂ.ವೈ.', ಮುಂಬಯಿಗೆ 'ಬಿ.ಎಂ.', ಮದರಾಸಿಗೆ 'ಎಂ.ಡಿ.' ಎಂಬ ಅಕ್ಷರಗಳು ಆ ಕಾಲದವು. ಕನ್ನಡ ನಾಡು ಹಂಚಿಹೋಗಿದ್ದ ಕಥೆಯನ್ನು ಗಾಡಿಗಳ ಬೆನ್ನಿನ ಮೇಲೆಯೇ ಓದಬಹುದಾಗಿದ್ದ ದಿನಗಳು ಅವು. ಧಾರವಾಡದ ವಕೀಲರ ಮೋಟಾರಿಗೆ ಮುಂಬಯಿಯ ಅಕ್ಷರ, ಮಂಗಳೂರಿನ ವ್ಯಾಪಾರಿಯ ಮೋಟಾರಿಗೆ ಮದರಾಸಿನ ಅಕ್ಷರ. 1956ರ ನವೆಂಬರ್ 1ರ ಏಕೀಕರಣದ ಅನಂತರವೇ ಅವೆಲ್ಲ ಒಂದು ಗುರುತಿನ ಕೆಳಗೆ ಬಂದದ್ದು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ನಮ್ಮ ಗಾಡಿಗಳ ಮೇಲೆ 'ಸಿ.ಎ.'ಯಿಂದ ತೊಡಗುವ ಮೂರಕ್ಷರಗಳಿದ್ದುದು ಹಿರಿಯ ಓದುಗರ ನೆನಪಿನಲ್ಲಿರಬಹುದು. 1988ರ ಕಾಯಿದೆ 1989ರ ಜುಲೈ 1ರಿಂದ ಜಾರಿಗೆ ಬಂದಾಗ 'ಕೆ.ಎ.' ಬಂದಿತು, ಅದರೊಡನೆ ಜಿಲ್ಲೆಯ ಅಂಕಿಯೂ ಬಂದಿತು. 19 ಎಂದರೆ ಮಂಗಳೂರು, 20 ಎಂದರೆ ಉಡುಪಿ, 22 ಬೆಳಗಾವಿ, 25 ಧಾರವಾಡ, 32 ಕಲಬುರಗಿ. ಪುಣೆಯ ಹೆದ್ದಾರಿಯಲ್ಲೋ ಚೆನ್ನೈಯ ಸಿಗ್ನಲ್ಲಿನಲ್ಲೋ ಮುಂದಿನ ಗಾಡಿಯ ಮೇಲೆ ನಮ್ಮ ಜಿಲ್ಲೆಯ ಅಂಕಿ ಕಂಡರೆ ಒಮ್ಮೆ ಹಾರ್ನ್ ಬಾರಿಸಿ ಕೈಬೀಸಬೇಕೆನ್ನಿಸದ ಹೊರನಾಡ ಕನ್ನಡಿಗನಿಲ್ಲ. ಹನ್ನೆರಡು ತಿಂಗಳಿಗೂ ಮೀರಿ ಬೇರೆ ರಾಜ್ಯದಲ್ಲಿಟ್ಟ ಗಾಡಿಗೆ ಅಲ್ಲಿನ ನಂಬರು ಮಾಡಿಸಬೇಕೆಂಬ ನಿಯಮ, ಅದಕ್ಕೆ ಬೇಕಾದ ನಿರಾಕ್ಷೇಪಣಾ ಪತ್ರ, ಮತ್ತೆ ತೆರಬೇಕಾದ ತೆರಿಗೆ, ಇವನ್ನೆಲ್ಲ ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ. 2021ರಲ್ಲಿ ಬಂದ 'ಬಿ.ಎಚ್.' ಸರಣಿ ಮೇಲಿಂದ ಮೇಲೆ ವರ್ಗವಾಗುವ ಕೆಲವರಿಗೆ ಈ ಅಲೆದಾಟವನ್ನು ತಪ್ಪಿಸಿದೆ.

ಇನ್ನು ಕ್ಯಾಮೆರಾದ ಕಥೆ. ದೂರದಲ್ಲಿ ಕುಳಿತು ನೋಡುವ ಮುಚ್ಚಿದ ಜಾಲದ ದೂರದರ್ಶನವನ್ನು 1942ರಲ್ಲಿ ಜರ್ಮನಿಯ ಪೇನೆಮುಂಡೆಯಲ್ಲಿ ವಿ-2 ರಾಕೆಟ್ಟಿನ ಉಡಾವಣೆಯನ್ನು ನೋಡಲು ಬಳಸಿದರು. ಯುದ್ಧದ ಆ ಉಪಕರಣವನ್ನು ಮನೆಯ ಬಾಗಿಲಿಗೆ ತಂದವಳು ಒಬ್ಬ ನರ್ಸ್.

ಆಕೆಯ ಹೆಸರು ಮೇರಿ ವ್ಯಾನ್ ಬ್ರಿಟನ್ ಬ್ರೌನ್. ನ್ಯೂಯಾರ್ಕ್ ನಗರದ ಕ್ವೀನ್ಸ್ ವಿಭಾಗದಲ್ಲಿ ವಾಸವಾಗಿದ್ದ ಕರಿಯ ಮಹಿಳೆ. ಗಂಡ ಆಲ್ಬರ್ಟ್ ಎಲೆಕ್ಟ್ರಾನಿಕ್ಸ್ ಕೆಲಸಗಾರ. ಇಬ್ಬರ ಕೆಲಸಕ್ಕೂ ಹೊತ್ತುಗೊತ್ತಿಲ್ಲ. ಎಷ್ಟೋ ರಾತ್ರಿ ಆಕೆ ಮನೆಯಲ್ಲಿ ಒಬ್ಬಳೇ. ಬಡಾವಣೆಯಲ್ಲಿ ಕಳ್ಳತನ ಹೆಚ್ಚು, ಕರೆದರೆ ಪೊಲೀಸರು ಬರುವುದು ನಿಧಾನ. ಕದ ತಟ್ಟಿದವರು ಯಾರೆಂದು ತಿಳಿಯಲು ಕದದ ಹತ್ತಿರಕ್ಕೇ ಹೋಗಬೇಕೆಂಬುದೇ ಆಕೆಯ ಭಯಕ್ಕೆ ಮೂಲ. ಪಾಳಿಯ ಕೆಲಸ ಮಾಡುವ ಗಂಡಹೆಂಡಿರು ತುಂಬಿರುವ ನಮ್ಮ ನಗರಗಳಲ್ಲಿ ಈ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಂಡಹೆಂಡಿರು ಕೂಡಿ ಬಾಗಿಲಿನಲ್ಲಿ ಮೇಲಿಂದ ಕೆಳಕ್ಕೆ ನಾಲ್ಕು ಇಣುಕುಕಂಡಿಗಳನ್ನು ಯೋಜಿಸಿದರು. ಎತ್ತರದವನಿಗೆ ಒಂದು, ಗಿಡ್ಡನಿಗೆ ಒಂದು, ಮಗುವಿಗೂ ಒಂದು. ಒಳಗೆ ಒಂದು ಕ್ಯಾಮೆರಾ ಮೇಲಕ್ಕೂ ಕೆಳಕ್ಕೂ ಜಾರುತ್ತ ಬೇಕಾದ ಕಂಡಿಯ ಮುಂದೆ ನಿಲ್ಲುತ್ತಿತ್ತು. ಚಿತ್ರ ಮಲಗುವ ಕೋಣೆಯ ದೂರದರ್ಶನ ಪರದೆಗೆ ಬರುತ್ತಿತ್ತು. ಹೊರಗಿನವರೊಡನೆ ಮಾತನಾಡಲು ಮೈಕು, ಬೇಕಾದವರಿದ್ದರೆ ಕುಳಿತಲ್ಲಿಂದಲೇ ಚಿಲಕ ತೆಗೆಯಲು ಒಂದು ಗುಂಡಿ, ಬೇಡಾದವರಿದ್ದರೆ ಎಚ್ಚರಿಕೆಯ ಗಂಟೆಗೆ ಇನ್ನೊಂದು. 1966ರ ಆಗಸ್ಟಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1969ರ ಡಿಸೆಂಬರ್ 2ರಂದು ಅದು ಮಂಜೂರಾಯಿತು. ಇಂದಿನ ವಿಡಿಯೋ ಕರೆಗಂಟೆಯಲ್ಲಿ ಇರುವುದೆಲ್ಲ ಅದರಲ್ಲಿ ಇತ್ತು. ಒಂದು ಮುಖ್ಯ ವ್ಯತ್ಯಾಸವನ್ನು ಮಾತ್ರ ಹೇಳಬೇಕು. ಮೇರಿ ಬ್ರೌನಳ ಕ್ಯಾಮೆರಾ ನೋಡುತ್ತಿದ್ದುದು ಬಾಗಿಲಿಗೆ ಬಂದವನನ್ನು, ಬೀದಿಯಲ್ಲಿ ಹೋಗುವವನನ್ನಲ್ಲ.

ಬೀದಿಯನ್ನು ನೋಡುವ ಕ್ಯಾಮೆರಾ, ಅದರಲ್ಲೂ ನಂಬರನ್ನು ತಾನೇ ಓದುವ ಕ್ಯಾಮೆರಾ ಹುಟ್ಟಿದ್ದು ಸರಕಾರದ ಮನೆಯಲ್ಲಿ. ಬ್ರಿಟನ್ನಿನ ಪೊಲೀಸ್ ವೈಜ್ಞಾನಿಕ ಶಾಖೆ 1976ರಲ್ಲಿ ಇದನ್ನು ಕಂಡುಹಿಡಿಯಿತು. 1979ರ ಹೊತ್ತಿಗೆ ಮಾದರಿ ಯಂತ್ರ ಸಿದ್ಧವಾಗಿ ಎ-1 ಹೆದ್ದಾರಿಯಲ್ಲಿಯೂ ಡಾರ್ಟ್‌ಫೋರ್ಡಿನ ಸುರಂಗಮಾರ್ಗದಲ್ಲಿಯೂ ಪ್ರಯೋಗಗಳು ನಡೆದವು. 1981ರಲ್ಲಿ ಈ ಯಂತ್ರ ಪತ್ತೆಮಾಡಿದ ಕದ್ದ ಕಾರೊಂದರಿಂದ ಮೊದಲ ಬಂಧನವಾಯಿತು. ಅದು ಕೆಲಸ ಮಾಡುವ ರೀತಿ ಮಗುವಿಗೆ ಅಕ್ಷರ ಕಲಿಸುವ ಹಾಗೆಯೇ. ಚಿತ್ರದಲ್ಲಿ ಫಲಕದಂತಿರುವ ಆಯತವನ್ನು ಹುಡುಕುವುದು, ಸೊಟ್ಟಗಿದ್ದರೆ ನೆಟ್ಟಗೆ ಮಾಡುವುದು, ಅಕ್ಷರಗಳನ್ನು ಬಿಡಿಬಿಡಿಯಾಗಿ ಕತ್ತರಿಸುವುದು, ತನಗೆ ಗೊತ್ತಿರುವ ಆಕಾರಗಳೊಡನೆ ಒಂದೊಂದನ್ನೇ ಹೋಲಿಸುವುದು.

ಅಲ್ಲಿಂದ ಮುಂದೆ ಇದು ಬೆಳೆದ ಬಗೆಯನ್ನು ಚಿಕ್ಕದಾಗಿ ಹೇಳಬಹುದು. ಲಂಡನ್ನಿನ ಬಿಷಪ್ಸ್‌ಗೇಟಿನಲ್ಲಿ 1993ರ ಏಪ್ರಿಲಿನಲ್ಲಿ ಬಾಂಬು ಸಿಡಿದ ಮೇಲೆ ಅಲ್ಲಿನ ವ್ಯಾಪಾರ ಕೇಂದ್ರದ ಸುತ್ತ ಪಹರೆ ಬಂದಿತು, ನಂಬರು ಓದುವ ಕ್ಯಾಮೆರಾಗಳೂ ಬಂದವು. 2003ರ ಫೆಬ್ರವರಿಯಿಂದ ನಗರದ ಒಳಕ್ಕೆ ಬರುವ ಗಾಡಿಗಳ ಸುಂಕವನ್ನೇ ಈ ಕ್ಯಾಮೆರಾಗಳು ಎಣಿಸತೊಡಗಿದವು. 2005ರಲ್ಲಿ ಬ್ರಾಡ್‌ಫೋರ್ಡಿನಲ್ಲಿ ಮಹಿಳಾ ಪೊಲೀಸ್ ಪೇದೆಯೊಬ್ಬಳನ್ನು ದರೋಡೆಕೋರರು ಕೊಂದಾಗ ಅವರ ಗಾಡಿಯ ಜಾಡು ಹಿಡಿಯಲು ಈ ವ್ಯವಸ್ಥೆ ನೆರವಾಯಿತು. ಅದರ ಇನ್ನೊಂದು ಮುಖ ಕಂಡದ್ದು 2010ರಲ್ಲಿ. ಬರ್ಮಿಂಗ್‌ಹ್ಯಾಮಿನ ಮುಸಲ್ಮಾನರು ಹೆಚ್ಚಾಗಿರುವ ಎರಡು ಬಡಾವಣೆಗಳ ಸುತ್ತ ಸುಮಾರು 200 ಕ್ಯಾಮೆರಾಗಳನ್ನು ನಿಲ್ಲಿಸಿದ್ದರು. ಸಾಮಾನ್ಯ ಅಪರಾಧ ತಡೆಗೆಂದು ಹೇಳಿ, ಭಯೋತ್ಪಾದನೆಯ ನಿಗ್ರಹಕ್ಕೆಂದು ಬಂದ ಹಣದಿಂದ. ನಿವಾಸಿಗಳು ಸಿಡಿದೆದ್ದರು, ಪೊಲೀಸರು ಕ್ಷಮೆ ಕೇಳಿದರು, 2011ರಲ್ಲಿ ಅವನ್ನು ಕಳಚಿದರು. ಬಂದು ನೆಲೆಸಿದ ಜನರ ಬಡಾವಣೆಯನ್ನು ಆಯ್ದು ಕ್ಯಾಮೆರಾದ ಬೇಲಿ ಹಾಕಿದ ಈ ಪ್ರಸಂಗವನ್ನು ಇನ್ನೊಬ್ಬರ ಊರಿನಲ್ಲಿ ಬಾಳುವ ನಾವು ಗಮನವಿಟ್ಟು ಓದಬೇಕು.

ಈಗ ಸಭೆಯಲ್ಲಿ ಎದ್ದ ಪ್ರಶ್ನೆಗೆ ಉತ್ತರ. ಮನೆಯ ಕ್ಯಾಮೆರಾಕ್ಕೆ ನಂಬರು ಏಕೆ ಕಾಣುವುದಿಲ್ಲ? ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಫಲಕದ ಅಕ್ಷರಗಳ ಎತ್ತರ 65 ಮಿಲಿಮೀಟರು, ಗೆರೆಯ ದಪ್ಪ 10. ಮೋಟಾರುಸೈಕಲ್ಲಿನ ಹಿಂದಿನ ಫಲಕದಲ್ಲಿ ಅಂಕಿಗಳ ಎತ್ತರ 40, ಗೆರೆಯ ದಪ್ಪ 7. ಕಾರಿನ ಉದ್ದ ಫಲಕ 500 ಮಿಲಿಮೀಟರು ಅಗಲ, ದ್ವಿಚಕ್ರದ ಹಿಂದಿನದು 200. ಸಾಮಾನ್ಯವಾಗಿ ಮನೆಗೆ ಹಾಕುವ 4 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಕ್ಕೆ ಸುಮಾರು 2560 ಚುಕ್ಕಿಗಳು. ಅದರಲ್ಲಿರುವ 2.8 ಮಿಲಿಮೀಟರಿನ ಲೆನ್ಸ್ ಅಂಗಳವನ್ನೆಲ್ಲ ತೋರಿಸುವ ಅಗಲ ನೋಟದ್ದು. ಹತ್ತು ಮೀಟರು ದೂರದಲ್ಲಿ ಅದು ಹೆಚ್ಚುಕಡಮೆ 24 ಮೀಟರು ಅಗಲವನ್ನು ಒಳಗೊಳ್ಳುತ್ತದೆ. ಲೆಕ್ಕ ಹಾಕಿದರೆ ಕಾರಿನ ಇಡೀ ಫಲಕಕ್ಕೆ ಸಿಕ್ಕುವುದು ಐವತ್ತು ಚಿಲ್ಲರೆ ಚುಕ್ಕಿ. ಹತ್ತು ಅಕ್ಷರಾಂಕಿಗಳಿಗೆ ಹಂಚಿದರೆ ಒಂದಕ್ಕೆ ಐದು. ಸ್ಕೂಟರಿನ ಫಲಕಕ್ಕಂತೂ ಇಪ್ಪತ್ತೇ ಚುಕ್ಕಿ. ಐದು ಅಕ್ಕಿಕಾಳಿನಲ್ಲಿ '8' ಬರೆಯಲು ಹೊರಟಂತೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಇಲ್ಲದ ಚುಕ್ಕಿಗಳು ಹುಟ್ಟಿಬರುವುದಿಲ್ಲ. ಸಿನಿಮಾದಲ್ಲಿ ಮಾತ್ರ ಬರುತ್ತವೆ.

ಆದ್ದರಿಂದ ಮೊದಲನೆಯ ಸಂಗತಿ ಲೆನ್ಸ್. 12 ಮಿಲಿಮೀಟರಿನ ಲೆನ್ಸ್ ಹಾಕಿ ಹತ್ತು ಮೀಟರು ದೂರದ ಗೇಟಿಗೆ ಗುರಿಯಿಟ್ಟರೆ ಸುಮಾರು ಐದು ಮೀಟರು ಅಗಲ ಮಾತ್ರ ಕಾಣುತ್ತದೆ, ಆದರೆ ಕಾರಿನ ಫಲಕಕ್ಕೆ ಇನ್ನೂರೈವತ್ತು ಚುಕ್ಕಿ, ಸ್ಕೂಟರಿಗೆ ನೂರು ಚುಕ್ಕಿ ದೊರೆಯುತ್ತವೆ. ಅಂದರೆ ಅಂಗಳವನ್ನು ಕಾಯುವ ಕ್ಯಾಮೆರಾವೇ ಬೇರೆ, ನಂಬರು ಓದುವ ಕ್ಯಾಮೆರಾವೇ ಬೇರೆ. ಒಂದರಿಂದ ಎರಡೂ ಕೆಲಸ ಮಾಡಿಸುತ್ತೇನೆನ್ನುವ ಅಂಗಡಿಯವನ ಮಾತನ್ನು ನಂಬಬಾರದು. ಎರಡನೆಯದು ಕೋನ. ಮೂರನೆಯ ಮಾಳಿಗೆಯಿಂದ ನೆತ್ತಿಯ ಮೇಲೆ ನೋಡಿದರೆ ಅಕ್ಷರ ಚಪ್ಪಟೆಯಾಗುತ್ತದೆ. ಮೇಲಿನಿಂದಾಗಲಿ ಬದಿಯಿಂದಾಗಲಿ ಓರೆ ಸುಮಾರು 30 ಡಿಗ್ರಿ ಮೀರಬಾರದು.

ಮೂರನೆಯದು ವೇಗ. ಗಂಟೆಗೆ 30 ಕಿಲೋಮೀಟರು ಓಡುವ ಗಾಡಿ ಸೆಕೆಂಡಿನ ಮೂವತ್ತನೆಯ ಒಂದು ಭಾಗದಲ್ಲಿ 28 ಸೆಂಟಿಮೀಟರು ಸರಿಯುತ್ತದೆ. ಸಾವಿರದ ಒಂದು ಭಾಗದಲ್ಲಾದರೆ 8 ಮಿಲಿಮೀಟರು. ಗೆರೆಯ ದಪ್ಪವೇ 7ರಿಂದ 10 ಮಿಲಿಮೀಟರು ಎಂಬುದನ್ನು ನೆನೆದರೆ ಷಟರು ಎಷ್ಟು ಚುರುಕಾಗಿರಬೇಕೆಂಬುದು ಗೊತ್ತಾಗುತ್ತದೆ. ನೇರವಾಗಿ ಎದುರಿಗೆ ಬರುವ ಗಾಡಿಗೆ ಇಷ್ಟು ಬಿಗಿ ಬೇಡ, ಅಡ್ಡ ಹಾಯುವುದಕ್ಕೆ ಬೇಕು. ಗೇಟಿನ ಮುಂದೆ ಒಂದು ಉಬ್ಬು ಹಾಕಿಸಿದರೆ ಸಾವಿರಾರು ರೂಪಾಯಿಯ ಉಪಕರಣ ಮಾಡುವ ಕೆಲಸವನ್ನು ಒಂದು ತಟ್ಟೆ ಸಿಮೆಂಟು ಮಾಡುತ್ತದೆ.

ರಾತ್ರಿಯದು ಇನ್ನೊಂದು ಕಥೆ. ಚುರುಕಾದ ಷಟರಿಗೆ ಬೆಳಕು ಸಾಲದು, ಹೆಡ್‌ಲೈಟಿನ ಬೆಳಕೋ ವಿಪರೀತ. ಇಲ್ಲಿ ನೆರವಿಗೆ ಬರುವುದು ಫಲಕವೇ. ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವ ಹೊದಿಕೆ ರಸ್ತೆಯ ಫಲಕಗಳಿಗೆ ಬಂದದ್ದು 1930ರ ದಶಕದ ಕೊನೆಯಲ್ಲಿ. ಬ್ರಿಟನ್ 1973ರಿಂದ ಹೊಸ ಗಾಡಿಗಳಿಗೆ ಅಂಥ ಫಲಕವನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಹಿಂದೆ ಸ್ವಂತ ಗಾಡಿಗಳಿಗಿದ್ದುದು ಕರಿಯ ಹಲಗೆಯ ಮೇಲೆ ಪೇಂಟರನ ಕೈಬರಹದ ಬಿಳಿಯ ಅಕ್ಷರ. ಬಿಳಿಯ ಫಲಕದ ಮೇಲೆ ಕರಿಯ ಅಕ್ಷರ ಬಂದದ್ದು ಈ ಶತಮಾನದ ಆರಂಭದಲ್ಲಿ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆಲ್ಲ ಕಡ್ಡಾಯವಾದ ಹೈ ಸೆಕ್ಯುರಿಟಿ ಫಲಕದಲ್ಲಿ ಈ ಹೊಳೆಯುವ ಹೊದಿಕೆ ಇದೆ. ಕ್ಯಾಮೆರಾದ ಪಕ್ಕದಲ್ಲೇ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪವಿಟ್ಟು ಷಟರನ್ನು ಚುರುಕುಗೊಳಿಸಿದರೆ ಬೀದಿಯೆಲ್ಲ ಕಪ್ಪಾಗಿ ಫಲಕವೊಂದೇ ಬೆಳಗುತ್ತದೆ. ಸಾಮಾನ್ಯ ಕ್ಯಾಮೆರಾ ಬೀದಿಯನ್ನು ಕಾಣಿಸಲು ಹೋಗಿ ಇದೇ ಹೊಳಪಿನಿಂದ ಕುರುಡಾಗುತ್ತದೆ. ಬೆಳ್ಳಗಿನ ಚೌಕದ ಗುಟ್ಟು ಇದು.

ಇಷ್ಟಾದರೂ ಯಂತ್ರವನ್ನು ಸೋಲಿಸುವ ಕಲೆ ನಮ್ಮವರಲ್ಲಿದೆ. 8055 ಎಂಬುದನ್ನು 'ಬಾಸ್' ಎಂದೂ 4141 ಎಂಬುದನ್ನು ದೇವನಾಗರಿಯಲ್ಲಿ 'ದಾದಾ' ಎಂದೂ ಕಾಣುವಂತೆ ತಿದ್ದಿಸಿದ ಫಲಕಗಳನ್ನು ಮಹಾರಾಷ್ಟ್ರದಲ್ಲಿ ನೋಡದವರಿಲ್ಲ. ಕನ್ನಡ ಅಂಕಿಗಳ ಫಲಕ ಕಂಡರೆ ನಮಗೂ ಸಂತೋಷವೇ. ಆದರೆ ನಿಯಮ ಕೇಳುವುದು ಇಂಗ್ಲಿಷ್ ಅಕ್ಷರ ಮತ್ತು ಅರಬ್ಬೀ ಅಂಕಿಗಳನ್ನು. ಅಭಿಮಾನದ ಕನ್ನಡ ಫಲಕ ಅದರ ಬದಲಿಗೆ ನಿಲ್ಲಲಾರದು.

ಹೀಗೆ ಎಲ್ಲವನ್ನೂ ಸರಿಯಾಗಿ ಕೂಡಿಸಿ ಕ್ಯಾಮೆರಾ ನಂಬರು ಓದತೊಡಗಿತೆನ್ನಿ. ಆಗ ಅದು ಓದುವುದು ಕಳ್ಳನ ನಂಬರನ್ನಷ್ಟೇ ಅಲ್ಲ. ಎದುರು ಮನೆಯ ಹುಡುಗಿ ಯಾರ ಗಾಡಿಯಲ್ಲಿ ಬಂದಳು, ಮೇಲಿನ ಮನೆಗೆ ಡಾಕ್ಟರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ಯಾರು ರಾತ್ರಿ ಎಷ್ಟು ಹೊತ್ತಿಗೆ ಹೊರಟರು ಎಂಬುದೆಲ್ಲ ದಿನಾಂಕ ಸಮೇತ ಪಟ್ಟಿಯಾಗುತ್ತದೆ. ವಾಚ್‌ಮನ್ನನ ಉದ್ದ ಪುಸ್ತಕದಲ್ಲೂ ಇದೆಲ್ಲ ಇರುತ್ತಿತ್ತು, ನಿಜ. ಆದರೆ ಅದರಲ್ಲಿ ಒಂದು ನಂಬರನ್ನು ಹುಡುಕುವುದೆಂದರೆ ಒಂದು ಭಾನುವಾರವೆಲ್ಲ ಬೇಕು; ಯಂತ್ರದ ಪಟ್ಟಿಯಲ್ಲಿ ಅರೆಕ್ಷಣ ಸಾಕು.

ಈ ಪ್ರಶ್ನೆ ನ್ಯಾಯಾಲಯವನ್ನೂ ಮುಟ್ಟಿದೆ. ಚೆಕ್ ದೇಶದ ಫ್ರಾಂಟಿಶೆಕ್ ರಿನೇಶ್ ಎಂಬವರ ಮನೆಯ ಕಿಟಕಿಗಳನ್ನು ಕಿಡಿಗೇಡಿಗಳು ಮತ್ತೆ ಮತ್ತೆ ಒಡೆಯುತ್ತಿದ್ದರು. ಅವರು ಸೂರಿನ ಕೆಳಗೆ ಕ್ಯಾಮೆರಾ ಇಟ್ಟರು. ತಮ್ಮ ಬಾಗಿಲು, ಮುಂದಿನ ಕಾಲುದಾರಿ, ಎದುರು ಮನೆಯ ಬಾಗಿಲು ಅದರಲ್ಲಿ ಬೀಳುತ್ತಿದ್ದವು. 2007ರ ಅಕ್ಟೋಬರಿನ ಒಂದು ರಾತ್ರಿ ಕವಣೆಕಲ್ಲಿನಿಂದ ಮತ್ತೆ ಕಿಟಕಿ ಒಡೆಯಿತು, ಮುದ್ರಿಕೆಯ ನೆರವಿನಿಂದ ಇಬ್ಬರು ಸಿಕ್ಕಿದರು. ಸಿಕ್ಕಿದವರಲ್ಲಿ ಒಬ್ಬನು, ತನ್ನನ್ನು ಬೀದಿಯಲ್ಲಿ ಚಿತ್ರಿಸಿದ್ದೇ ತಪ್ಪೆಂದು ದೂರು ಕೊಟ್ಟನು! ಮನೆಯವರಿಗೇ ದಂಡ ಬಿದ್ದಿತು. ಮೊಕದ್ದಮೆ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೆ ಹೋಗಿ 2014ರ ಡಿಸೆಂಬರ್ 11ರಂದು ತೀರ್ಪಾಯಿತು. ಸಾರ್ವಜನಿಕ ಬೀದಿ ಚಿತ್ರದಲ್ಲಿ ಬಿದ್ದ ಮೇಲೆ ಅದು ಕೇವಲ ಮನೆವಾರ್ತೆಯ ವಿಷಯವಾಗಿ ಉಳಿಯುವುದಿಲ್ಲ, ಆದರೆ ತನ್ನ ಆಸ್ತಿಯನ್ನೂ ಮನೆಯವರ ಜೀವವನ್ನೂ ಕಾಪಾಡಿಕೊಳ್ಳುವ ನ್ಯಾಯವಾದ ಹಿತವನ್ನು ಗಣನೆಗೆ ತೆಗೆದುಕೊಳ್ಳಬಹುದು ಎಂದು ಅದು ಹೇಳಿತು. ಎರಡು ಕಡೆಯನ್ನೂ ತೂಗಿದ ಮಾತು ಅದೆಂದು ನಮಗೆ ತೋರುತ್ತದೆ.

ನಮ್ಮ ದೇಶದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತಷ್ಟೆ. ಆ ಮೊಕದ್ದಮೆ ಹೊತ್ತಿರುವ ಹೆಸರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರದು, ಇಳಿವಯಸ್ಸಿನಲ್ಲಿ ಅವರು ಆಧಾರ್ ವಿಷಯವಾಗಿ 2012ರಲ್ಲಿ ಹೂಡಿದ ಅರ್ಜಿಯಿಂದ ಅದು ಬೆಳೆಯಿತು. ಬಳಿಕ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯಿದೆ, ವ್ಯಕ್ತಿಯೊಬ್ಬನು ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಯನ್ನು ತನ್ನ ಹಿಡಿತದಿಂದ ಹೊರಗಿಟ್ಟಿದೆ. ಸೊಸೈಟಿಯೆಂಬುದು ವ್ಯಕ್ತಿಯಲ್ಲ, ಆ ವಿನಾಯಿತಿ ತನಗೂ ಇದೆಯೆಂದು ಯಾವ ಕಾರ್ಯದರ್ಶಿಯೂ ನಿಶ್ಚಿಂತೆಯಿಂದಿರದಿರುವುದು ಮೇಲು.

ಹೊರನಾಡ ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೊಂದು ಸಂಗತಿಯೂ ಇದೆ. ನಮ್ಮ ದೇಶದ ನಂಬರು ಫಲಕ ಒಡೆಯನ ಹೆಸರನ್ನು ಮುಚ್ಚಿಟ್ಟರೂ ಅವನ ನಾಡನ್ನು ಮುಚ್ಚಿಡುವುದಿಲ್ಲ. ಮೊದಲ ಎರಡಕ್ಷರದಲ್ಲೇ ಹೇಳಿಬಿಡುತ್ತದೆ. ಕೈಬೀಸುವ ಅಕ್ಕರೆ ಹುಟ್ಟಿಸುವ ಅದೇ ಅಕ್ಷರ ಕೆಟ್ಟ ದಿನಗಳಲ್ಲಿ ಕಲ್ಲನ್ನೂ ತರುತ್ತದೆ. 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ನಡೆದ ಹಿಂಸೆ ನಮಗೆ ಹೆಮ್ಮೆಯ ನೆನಪಲ್ಲ. 2016ರ ಸೆಪ್ಟೆಂಬರ್ 12ರಂದು ಅದೇ ನಗರದಲ್ಲಿ 'ಟಿ.ಎನ್.' ಅಕ್ಷರದ ಬಸ್ಸು ಲಾರಿಗಳನ್ನು ಹುಡುಕಿ ಹುಡುಕಿ ಸುಟ್ಟರು. ಆ ದಿನಗಳಲ್ಲಿ ತಮಿಳುನಾಡಿನಲ್ಲಿ 'ಕೆ.ಎ.' ಅಕ್ಷರದ ಗಾಡಿಗಳೂ ಕನ್ನಡಿಗರ ಹೋಟೆಲುಗಳೂ ದಾಳಿಗೆ ಗುರಿಯಾದವು. 2022ರ ಡಿಸೆಂಬರಿನಲ್ಲಿ ಬೆಳಗಾವಿಯ ಹಿರೇಬಾಗೇವಾಡಿಯ ಟೋಲಿನ ಬಳಿ 'ಎಂ.ಎಚ್.' ಲಾರಿಗಳಿಗೆ ಕಲ್ಲು ಬಿದ್ದರೆ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿದ್ದಿತು. ಈ ಎಲ್ಲ ಸಂದರ್ಭಗಳಲ್ಲಿ ಗುಂಪು ಓದಿದ್ದು ಕಣ್ಣೆದುರಿಗೆ ಸಿಕ್ಕ ಫಲಕವನ್ನು ಮಾತ್ರ. ಯಾವ ಬಿಲ್ಡಿಂಗಿನಲ್ಲಿ ಯಾವ ರಾಜ್ಯದ ಗಾಡಿಗಳು ಎಷ್ಟಿವೆ, ಎಷ್ಟು ಹೊತ್ತಿಗೆ ಬರುತ್ತವೆ ಎಂಬ ಸಿದ್ಧಪಟ್ಟಿ ಅದರ ಕೈಯಲ್ಲಿರಲಿಲ್ಲ. ಇಂದು ಅಂಥ ಪಟ್ಟಿ ಗೇಟಿನ ಪಕ್ಕದ ಕೋಣೆಯ ಪೆಟ್ಟಿಗೆಯಲ್ಲಿ ತಾನಾಗಿಯೇ ತಯಾರಾಗುತ್ತಿರುತ್ತದೆ. ಅದರ ಪಾಸ್‌ವರ್ಡು ಎಷ್ಟೋ ಕಡೆ ಕ್ಯಾಮೆರಾ ಹಾಕಿಹೋದವನು ಕೊಟ್ಟ 'ಅಡ್ಮಿನ್, 12345' ಎಂಬುದೇ ಆಗಿರುತ್ತದೆ.

ಕ್ಯಾಮೆರಾ ಬೇಡವೆಂದು ಇದರ ಅರ್ಥವಲ್ಲ. ಮುದುಕರಿಬ್ಬರೇ ಇರುವ ಮನೆಗಳು ನಮ್ಮಲ್ಲಿ ದಿನೇ ದಿನೇ ಹೆಚ್ಚುತ್ತಿವೆ. ಮಕ್ಕಳು ದೂರ ದೇಶದಲ್ಲಿದ್ದು ಫೋನಿನಲ್ಲಿ ಗೇಟನ್ನು ನೋಡಿ ಸಮಾಧಾನ ಪಡುತ್ತಾರೆ. ಅವರ ಭಯವೂ ಮೇರಿ ಬ್ರೌನಳ ಭಯದಷ್ಟೇ ನಿಜವಾದದ್ದು. ಆದರೆ ಠರಾವು ಬರೆಯುವಾಗ ಕ್ಯಾಮೆರಾದ ಬೆಲೆಯ ಜೊತೆಗೆ ಇನ್ನೂ ಕೆಲವನ್ನು ಬರೆಯಬೇಕು. ನಂಬರು ಓದುವ ಕ್ಯಾಮೆರಾದ ಗುರಿ ಗೇಟಿನ ಐದು ಮೀಟರಿಗೆ ಮಾತ್ರವಿರಲಿ, ಎದುರು ಬಿಲ್ಡಿಂಗಿಗೆ ಬೇಡ. ಲೆನ್ಸಿನ ಲೆಕ್ಕವೂ ಅದನ್ನೇ ಕೇಳುತ್ತದೆ. ಕ್ಯಾಮೆರಾ ಇದೆಯೆಂಬ ಬೋರ್ಡು ಕಾಣುವಂತಿರಲಿ. ಮುದ್ರಿಕೆಯನ್ನು ಯಾರು ಕೇಳಿದರೆ ಕೊಡಬೇಕು, ಕೊಟ್ಟದ್ದನ್ನು ಎಲ್ಲಿ ಬರೆದಿಡಬೇಕು ಎಂಬುದು ನಿರ್ಧಾರವಾಗಲಿ. ಕಳ್ಳತನವಾದಾಗ ಪೊಲೀಸರಿಗೂ ನ್ಯಾಯಾಲಯಕ್ಕೂ ಮುದ್ರಿಕೆಯನ್ನು ಒಪ್ಪಿಸುವುದಿದ್ದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಪ್ರಮಾಣಪತ್ರ ಬೇಕಾಗುತ್ತದೆ. ಮತ್ತು ಕ್ಯಾಮೆರಾದ ಗಡಿಯಾರ ಸರಿಯಾಗಿರಬೇಕು. ಕರೆಂಟು ಹೋಗಿ ಬಂದ ಮೇಲೆ ಯಾವುದೋ ಹಳೆಯ ಜನವರಿ 1ಕ್ಕೆ ಹಿಂದಿರುಗಿ ನಿಂತಿರುವ ಪೆಟ್ಟಿಗೆಗಳು ಬೇಕಾದಷ್ಟಿವೆ.

ಎಷ್ಟು ದಿನ ಇಟ್ಟುಕೊಳ್ಳಬೇಕೆಂಬುದಕ್ಕೆ ಒಂದು ಅಳತೆ ನಮ್ಮ ಕಾನೂನಿನಲ್ಲೇ ಸಿಕ್ಕುತ್ತದೆ. ಅವಿಭಜಿತ ಆಂಧ್ರಪ್ರದೇಶ 2013ರಲ್ಲಿ, ಕರ್ನಾಟಕ 2017ರಲ್ಲಿ ಮಾಡಿದ ಸಾರ್ವಜನಿಕ ಸುರಕ್ಷತಾ ಕಾಯಿದೆಗಳು ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಇಟ್ಟು ಮುದ್ರಿಕೆಯನ್ನು 30 ದಿನ ಕಾಯ್ದಿಡಬೇಕೆನ್ನುತ್ತವೆ. ಜನಜಂಗುಳಿಯ ಮಾಲುಗಳಿಗೆ ಸಾಕಾದ 30 ದಿನ ನಾಲ್ಕು ಮಾಳಿಗೆಯ ಬಿಲ್ಡಿಂಗಿಗೂ ಸಾಕು. ಅವಧಿ ಮುಗಿದದ್ದು ತಾನಾಗಿ ಅಳಿದುಹೋಗುವಂತೆ ಮಾಡುವ ಏರ್ಪಾಟು ಎಲ್ಲ ಪೆಟ್ಟಿಗೆಗಳಲ್ಲಿಯೂ ಸಾಮಾನ್ಯವಾಗಿ ಇರುತ್ತದೆ. ಕ್ಯಾಮೆರಾ ಹಾಕಲು ಬಂದವನನ್ನು ಕಳುಹಿಸಿಕೊಡುವ ಮುನ್ನ ಅದನ್ನು ಅವನ ಕೈಯಲ್ಲೇ ಮಾಡಿಸಿಕೊಳ್ಳಬಹುದು.